ಮರದ ಗಿಟಾರು, ಒಳಗೊಂದು ಕಂಪ್ಯೂಟರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಮಾಡೆಲಿಂಗ್ ಗಿಟಾರಿನ ಬಗ್ಗೆ ಮಾತಾಡೋಣ. ಅದನ್ನು ರಿಪೇರಿ ಮಾಡುವುದು, ಅದರ ಸಾಫ್ಟ್‌ವೇರ್ ಹೊಸದು ಮಾಡುವುದು, ಬೇಕಾದಂತೆ ಬದಲಾಯಿಸಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ನೋಡಲಿಕ್ಕೆ ಇದು ಎಲ್ಲ ಎಲೆಕ್ಟ್ರಿಕ್ ಗಿಟಾರುಗಳ ಹಾಗೇ ಇರುತ್ತದೆ. ಆದರೆ ಒಂದು ಗುಂಡಿ ತಿರುಗಿಸಿದರೆ ಹೆಸರಾಂತ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ದನಿ ಬರುತ್ತದೆ. ಇನ್ನೊಂದು ಸಲ ತಿರುಗಿಸಿದರೆ ಲೆಸ್ ಪಾಲ್ ಗಿಟಾರಿನದು. ಮತ್ತೆ ತಿರುಗಿಸಿದರೆ ಹನ್ನೆರಡು ತಂತಿಯ ಅಕೂಸ್ಟಿಕ್. ಎಲೆಕ್ಟ್ರಿಕ್ ಸಿತಾರಿನ ದನಿಯೂ ಕೆಲವದರಲ್ಲಿ ಉಂಟು. ಬೆಂಗಳೂರಿನ ಬ್ಯಾಂಡಿನವರಿಗೆ ಇದರ ಲಾಭ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಂಜೆಯ ಕಾರ್ಯಕ್ರಮಕ್ಕೆ ಮೂರು ನಾಲ್ಕು ಗಿಟಾರು ಆಟೋದಲ್ಲಿ ತುಂಬಿಕೊಂಡು ಸಿಲ್ಕ್ ಬೋರ್ಡ್ ದಾಟುವ ಕಷ್ಟ ತಪ್ಪುತ್ತದೆ.

ನಾನು ಗಿಟಾರು ರಿಪೇರಿ ಮಾಡುವವನು. ಇಂಥ ಗಿಟಾರು ತಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಅಣ್ಣ, ಬೋರ್ಡ್ ಹೋಗಿದೆ ಅನ್ಸುತ್ತೆ." ಬಿಚ್ಚಿ ನೋಡಿದರೆ ಬೋರ್ಡ್, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಹಲಗೆ, ಚೆನ್ನಾಗಿಯೇ ಇರುತ್ತದೆ. ತುಕ್ಕು ಹಿಡಿದ ತಂತಿ, ಸಡಿಲವಾದ ಸ್ಕ್ರೂ, ಬಾಗಿದ ಕುತ್ತಿಗೆ, ಇವುಗಳಲ್ಲಿ ಯಾವುದೋ ಒಂದು ತೊಂದರೆ ಕೊಟ್ಟಿರುತ್ತದೆ. ಹಾಗಾಗಿ ಕಂಪ್ಯೂಟರಿಗೆ ಕೈ ಹಾಕುವ ಮೊದಲು ಮರದ ಗಿಟಾರನ್ನು ನೋಡಿ ಅನ್ನುತ್ತೇನೆ ನಾನು. ಯಾಕೆ ಅನ್ನುವುದು ಒಳಗಿನ ವ್ಯವಸ್ಥೆ ತಿಳಿದರೆ ಗೊತ್ತಾಗುತ್ತದೆ.

ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅಂದರೆ ಅಯಸ್ಕಾಂತ, ಅದರ ಸುತ್ತ ಸುತ್ತಿದ ತೆಳು ತಾಮ್ರದ ವೈರು. ಆರು ತಂತಿಗಳ ಕಂಪನವೂ ಅಲ್ಲಿ ಬೆರೆತು ಒಂದೇ ಸಿಗ್ನಲ್ ಆಗಿ ಹೊರಗೆ ಬರುತ್ತದೆ. ಬೇರೆ ಗಿಟಾರಿನ ದನಿಯನ್ನು ಲೆಕ್ಕ ಹಾಕಿ ಕಟ್ಟುವ ಮಾಡೆಲಿಂಗ್‌ಗೆ ಅದು ಸಾಲದು. ಆರು ತಂತಿಯ ದನಿಯೂ ಬೇರೆ ಬೇರೆಯಾಗಿ ಸಿಗಬೇಕು. 1995ರಲ್ಲಿ ರೋಲ್ಯಾಂಡ್ ಕಂಪನಿ ವಿಜಿ-8 ಅನ್ನುವ ಪೆಟ್ಟಿಗೆ ತಂದಿತು. ಗಿಟಾರಿನ ಮೇಲೆ ಆರು ಭಾಗದ ಒಂದು ಪಿಕಪ್ ಕೂರಿಸಿ, ಹದಿಮೂರು ಪಿನ್ನಿನ ಕೇಬಲ್‌ನಿಂದ ಆ ಪೆಟ್ಟಿಗೆಗೆ ಜೋಡಿಸಬೇಕಿತ್ತು. ಕಂಪ್ಯೂಟರು ಆಗ ಕಾಲ ಬಳಿ, ನೆಲದ ಮೇಲೆ ಇತ್ತು. 2002-03ರ ಹೊತ್ತಿಗೆ ಲೈನ್ 6 ಕಂಪನಿ ವೇರಿಯಾಕ್ಸ್ ತಂದು, ಆ ಕಂಪ್ಯೂಟರನ್ನೇ ಗಿಟಾರಿನ ಹೊಟ್ಟೆಯೊಳಗೆ ಇಟ್ಟಿತು. 2007ರಲ್ಲಿ ಫೆಂಡರ್ ಮತ್ತು ರೋಲ್ಯಾಂಡ್ ಸೇರಿ ವಿಜಿ ಸ್ಟ್ರಾಟೊಕ್ಯಾಸ್ಟರ್ ಮಾಡಿದರು. ನಮ್ಮ ಊರಿನಲ್ಲಿ ನಾನು ಜಾಸ್ತಿ ಕಂಡಿರುವುದು ವೇರಿಯಾಕ್ಸ್. ಅದಕ್ಕೇ ಅದರ ಉದಾಹರಣೆ ಹೆಚ್ಚು ಕೊಡುತ್ತೇನೆ.

ವೇರಿಯಾಕ್ಸಿನಲ್ಲಿ ಪ್ರತಿ ತಂತಿ ಕೂರುವ ಸ್ಯಾಡಲ್ ಒಳಗೆ ಒಂದು ಪೀಝೋ ಇರುತ್ತದೆ. ಒತ್ತಡ ಬಿದ್ದಾಗ ವಿದ್ಯುತ್ ಹುಟ್ಟಿಸುವ ಸಣ್ಣ ವಸ್ತು ಅದು. ತಂತಿ ನಡುಗಿದರೆ ಅದರ ಮೇಲಿನ ಒತ್ತಡ ಬದಲಾಗುತ್ತದೆ, ಸಿಗ್ನಲ್ ಹೊರಡುತ್ತದೆ. ಆರು ಸ್ಯಾಡಲ್‌ಗಳಿಂದ ಆರು ಸಿಗ್ನಲ್ ಬೋರ್ಡಿಗೆ ಹೋಗಿ ಅಂಕಿಗಳಾಗುತ್ತವೆ. ನಾವು ಆರಿಸಿದ ಗಿಟಾರಿನ ಮೈ ಹೇಗೆ ಮೊಳಗುತ್ತದೆ, ಅದರ ಪಿಕಪ್ ಯಾವ ಜಾಗದಲ್ಲಿದೆ, ಆ ಜಾಗದಲ್ಲಿ ಯಾವ ಸ್ವರಾಂಶ ಕೇಳುತ್ತದೆ, ಯಾವುದು ಕೇಳುವುದಿಲ್ಲ, ಇದನ್ನೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ ಹೊಸ ದನಿ ಕಟ್ಟುತ್ತದೆ. ಅಯಸ್ಕಾಂತದ ಪಿಕಪ್ ಬಳಸದ ಕಾರಣ ಇನ್ನೊಂದು ಅನುಕೂಲ ಇದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್‌ದು. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಆ ಗುಂಯ್ ಸದ್ದನ್ನು ಎಳೆದುಕೊಳ್ಳುತ್ತದೆ. ಮಾಡೆಲಿಂಗ್‌ನ ಸ್ಟ್ರಾಟೊಕ್ಯಾಸ್ಟರ್ ದನಿಯಲ್ಲಿ ಅದು ಇರುವುದಿಲ್ಲ.

ಕಂಪ್ಯೂಟರಿನಿಂದ ಹುಟ್ಟಿದ ನಾದ ನಾದವೇ ಅಲ್ಲ ಅನ್ನುವವರನ್ನೂ ನಾನು ಕಂಡಿದ್ದೇನೆ. ನಮ್ಮ ಬೆಂಗಳೂರಿನದೇ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿಯನ್ನು ಪಕ್ಕದಲ್ಲಿಟ್ಟುಕೊಂಡು ದಿನಾ ಸಾಧನೆ ಮಾಡುವವರು ಎಷ್ಟು ಜನ ಇದ್ದಾರೆ, ಅಲ್ವಾ? ಕಿವಿಗೆ ಒಗ್ಗಿದರೆ ಸಾಕು ಅಂತ ನನಗೆ ಅನ್ನಿಸುತ್ತದೆ.

ಈಗ ರಿಪೇರಿಗೆ ಬರೋಣ. ಪೀಝೋ ತುಂಬ ಸೂಕ್ಷ್ಮ. ತಂತಿಯ ದನಿಯ ಜೊತೆಗೆ, ಸ್ಯಾಡಲ್‌ಗಳು ಕೂರುವ ಬ್ರಿಡ್ಜ್‌ನಲ್ಲಿ ನಡೆಯುವ ಎಲ್ಲ ಸಣ್ಣ ಸದ್ದನ್ನೂ ಅದು ಹಿಡಿಯುತ್ತದೆ. ಸ್ಯಾಡಲ್‌ನ ಎತ್ತರ ಹೊಂದಿಸುವ ಸ್ಕ್ರೂ ಎರಡರಲ್ಲಿ ಒಂದು ಗಾಳಿಯಲ್ಲಿದ್ದರೆ ಜಿರ್ ಅನ್ನುತ್ತದೆ. ಟ್ರೆಮೊಲೊ, ಅಂದರೆ ಒತ್ತಿ ದನಿ ಏರಿಳಿಸುವ ಹಿಡಿ ಇರುವ ಗಿಟಾರಿನಲ್ಲಿ ಹಿಂದಿನ ಸ್ಪ್ರಿಂಗುಗಳ ಗುಂಗೂ ಸೇರಿಕೊಳ್ಳುತ್ತದೆ. ಆ ಸ್ಪ್ರಿಂಗುಗಳ ನಡುವೆ ಒಂದು ತುಂಡು ಸ್ಪಂಜು ಸಿಕ್ಕಿಸಿದರೆ ಅರ್ಧ ಗಲಾಟೆ ನಿಲ್ಲುತ್ತದೆ. ಕೆಟ್ಟ ಮಾಡೆಲ್, ಕೆಟ್ಟ ಸಾಫ್ಟ್‌ವೇರ್ ಅಂತ ಬೈಯಿಸಿಕೊಂಡ ಎಷ್ಟೋ ಗಿಟಾರುಗಳಿಗೆ ಬೇಕಾಗಿದ್ದದ್ದು ಹೊಸ ತಂತಿ ಮತ್ತು ಈ ಸ್ಪಂಜು ಮಾತ್ರ.

ಇನ್ನು ಹವಾಮಾನ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಮ್ಮ ಊರಿನ ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ಗೋಡೆಯೇ ತಣ್ಣಗೆ ಒದ್ದೆ. ವೀಣೆಯವರಿಗೆ ಇದು ಚೆನ್ನಾಗಿ ಗೊತ್ತು. ಸೆಖೆ ಜಾಸ್ತಿಯಾದರೆ ಮೆಟ್ಟಿಲುಗಳನ್ನು ಹಿಡಿದಿರುವ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಗಿಟಾರಿನಲ್ಲಿ ಬಾಗುವುದು ಕುತ್ತಿಗೆ. ತಂತಿ ಫ್ರೆಟ್‌ಗೆ, ಅಂದರೆ ಗಿಟಾರಿನ ಮೆಟ್ಟಿಲಿಗೆ, ತಾಗಿ ಬಡಿದರೆ ಆ ಬಡಿತವನ್ನೂ ಪೀಝೋ ಕೇಳಿಸಿಕೊಳ್ಳುತ್ತದೆ, ಪ್ರೊಸೆಸರ್ ಅದನ್ನೂ ಅಕೂಸ್ಟಿಕ್ ಗಿಟಾರಿನ ದನಿಯೊಳಗೆ ಸೇರಿಸಿ ಕಳಿಸುತ್ತದೆ. ಕುತ್ತಿಗೆಯೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ನೋಡಿ. ಶ್ರುತಿಯೂ ಅಷ್ಟೇ ಮುಖ್ಯ. ಈ ಗಿಟಾರು ಬೇರೆ ಬೇರೆ ಶ್ರುತಿಗಳನ್ನು ಲೆಕ್ಕದಿಂದ ಹುಟ್ಟಿಸುತ್ತದೆ. ನಿಜವಾದ ತಂತಿ ಸ್ವಲ್ಪ ಇಳಿದಿದ್ದರೆ, ಹುಟ್ಟಿದ ಶ್ರುತಿಯೂ ಅಷ್ಟೇ ಇಳಿದಿರುತ್ತದೆ.

ಶ್ರುತಿ ಬದಲಾಯಿಸಿದಾಗ ದನಿ ನಡುಗುತ್ತದೆ ಅನ್ನುವ ದೂರು ಕರ್ನಾಟಕ ಸಂಗೀತ ನುಡಿಸುವವರಿಂದ ಬರುತ್ತದೆ. ಅವರು ಷಡ್ಜ, ಪಂಚಮಕ್ಕೆ ತಂತಿ ಕಟ್ಟಿಕೊಳ್ಳುತ್ತಾರೆ. ಗುಂಡಿ ತಿರುಗಿಸಿದರೆ ತಾನೇ ಆ ಶ್ರುತಿ ಬರುವುದು ಅವರಿಗೆ ದೊಡ್ಡ ಉಪಕಾರ. ಆದರೆ ಮನೆಯಲ್ಲಿ ಆಂಪ್ಲಿಫಯರ್ ಸಣ್ಣಗೆ ಇಟ್ಟು ನುಡಿಸಿದರೆ ತಂತಿಯ ಸ್ವಂತ ದನಿ ಒಂದು ಶ್ರುತಿಯಲ್ಲಿ, ಆಂಪ್ಲಿಫಯರ್ ದನಿ ಇನ್ನೊಂದರಲ್ಲಿ. ಎರಡೂ ಕಿವಿಗೆ ಬಿದ್ದು ಕಚ್ಚಾಡುತ್ತವೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ನಡುಕ ಹೋದರೆ ಗಿಟಾರಿನಲ್ಲಿ ದೋಷವಿಲ್ಲ. ಹೋಗದಿದ್ದರೆ ತಂತಿ ಹಳೆಯದಾಗಿದೆಯೋ, ಪಕ್ಕದ ತಂತಿಯ ಕಂಪನ ಸ್ಯಾಡಲ್‌ಗೆ ದಾಟುತ್ತಿದೆಯೋ ನೋಡಬೇಕು. ಗಮಕದಲ್ಲಿ ತಂತಿ ಎಳೆಯುವಾಗ ಬೇರೆ ತಂತಿಗಳನ್ನು ಅಂಗೈಯಿಂದ ಮೆಲ್ಲಗೆ ಹಿಡಿದಿಟ್ಟುಕೊಂಡರೆ ಬಹಳ ಸುಧಾರಿಸುತ್ತದೆ.

ಒಂದೇ ತಂತಿ ಸತ್ತುಹೋದರೆ? ಅಯಸ್ಕಾಂತದ ಪಿಕಪ್ಪೂ ಇರುವ ಮಾಡೆಲ್ ಆಗಿದ್ದರೆ ಅದಕ್ಕೆ ಬದಲಾಯಿಸಿ ನೋಡಿ. ಅಲ್ಲಿ ದನಿ ಸರಿಯಿದ್ದು ಮಾಡೆಲ್‌ನಲ್ಲಿ ಮಾತ್ರ ಇಲ್ಲದಿದ್ದರೆ ತೊಂದರೆ ಸ್ಯಾಡಲ್‌ನಲ್ಲೋ, ಅದರ ವೈರಿನಲ್ಲೋ, ಬೋರ್ಡಿನಲ್ಲೋ ಇದೆ. ಒಂದೊಂದು ಸ್ಯಾಡಲ್‌ಗೂ ಬೇರೆ ಪ್ಲಗ್ ಇರುವ ಗಿಟಾರಿನಲ್ಲಿ ಸತ್ತ ತಂತಿಯ ಪ್ಲಗ್ಗನ್ನೂ ಪಕ್ಕದ್ದರ ಪ್ಲಗ್ಗನ್ನೂ ಅದಲುಬದಲು ಮಾಡಿ. ತೊಂದರೆ ಪಕ್ಕದ ತಂತಿಗೆ ಹೋಯಿತೋ, ಸ್ಯಾಡಲ್ ಸರಿಯಿದೆ. ಇದ್ದಲ್ಲೇ ಉಳಿಯಿತೋ, ಬೋರ್ಡ್ ಸರಿಯಿದೆ. ಈ ಪರೀಕ್ಷೆಗೆ ಮೀಟರು ಕೂಡ ಬೇಡ. ಆದರೆ ಆ ವೈರುಗಳು ಬಹಳ ತೆಳು. ವೈರು ಹಿಡಿದು ಎಳೆಯಬೇಡಿ, ಪ್ಲಗ್ ಹಿಡಿದು ತೆಗೆಯಿರಿ. ಪೀಝೋಗೆ ಹತ್ತಿರದಲ್ಲಿ ಬೆಸುಗೆ ಹಾಕುವುದೂ ಬೇಡ, ಬಿಸಿಗೆ ಅದು ಹಾಳಾಗುತ್ತದೆ.

ವಿದ್ಯುತ್ತಿನ ವಿಷಯ ಸ್ವಲ್ಪ ಹೇಳಬೇಕು. ಹಳೆಯ ವೇರಿಯಾಕ್ಸ್ ಆರು ಎಎ ಸೆಲ್ಲಿನಲ್ಲಿ ನಡೆಯುತ್ತಿತ್ತು. 2010ರಲ್ಲಿ ಬಂದ ಜೇಮ್ಸ್ ಟೈಲರ್ ಅನ್ನುವ ವೇರಿಯಾಕ್ಸ್ ಮಾಡೆಲಿನಿಂದ ಮುಂದೆ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ. ಕೇಬಲ್ ಚುಚ್ಚಿದರೆ ಸಾಕು, ಗಿಟಾರು ಆನ್ ಆಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ತೆಗೆಯದೆ ಮಲಗಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಲಿಥಿಯಂ ಬ್ಯಾಟರಿಯನ್ನು ತಿಂಗಳುಗಟ್ಟಲೆ ಖಾಲಿ ಇಡಬೇಡಿ. ತುಂಬಾ ದಿನ ನುಡಿಸುವುದಿಲ್ಲ ಅಂದರೆ ಅರ್ಧ ಚಾರ್ಜ್ ಮಾಡಿ, ಹೊರಗೆ ತೆಗೆದು, ತಂಪಾದ ಜಾಗದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಎಸ್.ಪಿ. ರೋಡಿನಲ್ಲಿ ಎಲ್ಲ ಬಗೆಯ ಸೆಲ್ಲೂ ಸಿಗುತ್ತವೆ, ನಿಜ. ಬಿಡಿ ಲಿಥಿಯಂ ಸೆಲ್ ತಂದು ಹಳೆಯ ಡಬ್ಬಿಯೊಳಗೆ ಸೇರಿಸುವ ಕೆಲಸ ಮಾತ್ರ ಅದನ್ನು ಬಲ್ಲವರಿಗೇ ಬಿಡಿ. ಬೆಂಕಿಯ ಅಪಾಯ ಸಣ್ಣದಲ್ಲ.

ವೇರಿಯಾಕ್ಸಿನ ಬದಿಯಲ್ಲಿ ಇಂಟರ್‌ನೆಟ್ ಕೇಬಲ್ಲಿನಂಥ ಒಂದು ಕಿಂಡಿ ಇದೆ. ವಿಡಿಐ ಅಂತ ಅದರ ಹೆಸರು. ದನಿಯನ್ನು ಅಂಕಿಯಾಗಿಯೇ ಕಳಿಸುವುದು, ಗಿಟಾರಿಗೆ ವಿದ್ಯುತ್ ತರುವುದು ಎರಡೂ ಅದರಿಂದಲೇ. ಇದು ಬೆಂಗಳೂರು. ಮನೆಮನೆಯಲ್ಲೂ ಆ ನೀಲಿ ಕೇಬಲ್ ಬಿದ್ದಿರುತ್ತದೆ. ದಯವಿಟ್ಟು ಗಿಟಾರನ್ನು ವೈಫೈ ಪೆಟ್ಟಿಗೆಗೋ ಆಫೀಸಿನ ನೆಟ್‌ವರ್ಕ್ ಸ್ವಿಚ್ಚಿಗೋ ಜೋಡಿಸಬೇಡಿ. ಕಿಂಡಿ ಒಂದೇ ಆಕಾರದ್ದು, ಒಳಗಿನ ವಿದ್ಯುತ್ತು ಬೇರೆ. ವೇದಿಕೆಗೆ ಲೋಹದ ಕವಚ ಇರುವ, ಬೀಗದಂತೆ ಕಚ್ಚಿಕೊಳ್ಳುವ ಕೇಬಲ್ ತೆಗೆದುಕೊಳ್ಳಿ. ಸಾದಾ ಪ್ಲಾಸ್ಟಿಕ್ ಪ್ಲಗ್ಗಿನ ನಾಲಿಗೆ ಬೇಗ ಮುರಿಯುತ್ತದೆ.

ಫರ್ಮ್‌ವೇರ್ ಅಂದರೆ ಗಿಟಾರಿನ ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್. ಅದನ್ನು ಹೊಸದು ಮಾಡುವುದೂ ಈ ಕಿಂಡಿಯಿಂದಲೇ. ಯುಎಸ್‌ಬಿ ಇರುವ ಸಣ್ಣ ಪೆಟ್ಟಿಗೆಯ ಮೂಲಕವೋ, ಲೈನ್ 6 ಕಂಪನಿಯದೇ ಆದ ಹೀಲಿಕ್ಸ್‌ನಂಥ ಗಿಟಾರ್ ಎಫೆಕ್ಟ್ ಯಂತ್ರದ ಮೂಲಕವೋ ಕಂಪ್ಯೂಟರಿಗೆ ಜೋಡಿಸಬೇಕು. ಈ ಕೆಲಸ ನಡುವೆ ನಿಂತರೆ ಗಿಟಾರು ಅರ್ಧ ಹೊಸದು ಅರ್ಧ ಹಳೆಯದಾಗಿ ಮೂಕವಾಗಬಹುದು. ಆದ್ದರಿಂದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಮಳೆ ಗುಡುಗಿನ ಸಂಜೆ, ಕರೆಂಟು ಕಣ್ಣಾಮುಚ್ಚಾಲೆ ಆಡುವಾಗ ಬೇಡ. ನೀವು ಸೇರಿಸಿಕೊಂಡ ಶ್ರುತಿ, ದನಿಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ. ವರ್ಕ್‌ಬೆಂಚ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪಿಕಪ್ಪಿನ ಜಾಗ, ಒಂದೊಂದು ತಂತಿಯ ಶ್ರುತಿ ಎಲ್ಲ ಬದಲಾಯಿಸಬಹುದು. ಜೇಮ್ಸ್ ಟೈಲರ್ ಮತ್ತು ನಂತರದ ಮಾಡೆಲ್‌ಗಳಿಗೆ ವರ್ಕ್‌ಬೆಂಚ್ ಎಚ್‌ಡಿ ಬೇಕು. 300, 500, 600, 700ರ ಹಳೆಯವಕ್ಕೆ ಹಳೆಯ ವರ್ಕ್‌ಬೆಂಚ್. ಎಚ್‌ಡಿ ದನಿಗಳು ಹಳೆಯ ಗಿಟಾರಿಗೆ ಹತ್ತುವುದಿಲ್ಲ, ಸುಮ್ನೆ ಪ್ರಯತ್ನಿಸಿ ದಣಿಯಬೇಡಿ. ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಕಾರ್ಯಕ್ರಮದ ಹಿಂದಿನ ದಿನ ಅಪ್‌ಡೇಟ್ ಮಾಡಲೇಬೇಡಿ.

ನನಗೆ ಬಹಳ ಇಷ್ಟವಾದ ಕೆಲಸವೆಂದರೆ ಗಿಟಾರಿನ ಮೈ ಬದಲಾಯಿಸುವುದು. ಹಳೆಯ ವೇರಿಯಾಕ್ಸಿನ ದನಿ ಮೆಚ್ಚಿದರೂ ಮರ, ಕುತ್ತಿಗೆ ಹಿಡಿಸದವರು ಇದ್ದಾರೆ. ಅದರ ಬೋರ್ಡು, ಸ್ಯಾಡಲ್, ಗುಂಡಿ ಎಲ್ಲ ತೆಗೆದು ತಮಗೆ ಕೈಗೂಡಿದ ಸ್ಟ್ರಾಟೊಕ್ಯಾಸ್ಟರ್ ಅಥವಾ ಟೆಲಿಕ್ಯಾಸ್ಟರ್ ಗಿಟಾರಿನ ಮೈಯೊಳಗೆ ಕೂರಿಸುತ್ತಾರೆ. ಗಿಟಾರಿನ ಬಳಗದಲ್ಲಿ ಇದಕ್ಕೆ ಟ್ರಾನ್ಸ್‌ಪ್ಲಾಂಟ್ ಅನ್ನುತ್ತಾರೆ. ಹಿಂದಿನಿಂದ ಮರ ಕೊರೆದು ಬೋರ್ಡಿಗೆ ಜಾಗ ಮಾಡಬೇಕು. ಕೊರೆಯುವ ಮುಂಚೆ ಬೋರ್ಡಿನ ಅಳತೆಗೆ ರಟ್ಟು ಕತ್ತರಿಸಿ ಮರದ ಮೇಲಿಟ್ಟು ನೋಡಿ. ಬೋರ್ಡಿನ ದಪ್ಪಕ್ಕಿಂತ ಪ್ಲಗ್ಗು, ವೈರುಗಳ ಎತ್ತರವೇ ಜಾಸ್ತಿ ಇರುತ್ತದೆ. ಆರು ವೈರಿಗೂ ಒಂದರಿಂದ ಆರರವರೆಗೆ ಚೀಟಿ ಅಂಟಿಸಿ. ಕ್ರಮ ತಪ್ಪಿದರೆ ದಪ್ಪ ತಂತಿಯ ಲೆಕ್ಕ ಸಣ್ಣ ತಂತಿಗೆ ಹೋಗಿ ಬದಲಿ ಶ್ರುತಿ ಎಲ್ಲ ಅಡ್ಡಾದಿಡ್ಡಿ. ಒಳಗೆ ತಾಮ್ರದ ಹಾಳೆ ಅಂಟಿಸುವವರು ಬೋರ್ಡಿನ ಬೆಸುಗೆಗಳು ಅದಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಒಂದು ಕಡೆ ತಾಗಿದರೂ ಶಾರ್ಟ್ ಆಗಿ ಬೋರ್ಡೇ ಹೋಗುತ್ತದೆ. ಮುಟ್ಟುವ ಮುಂಚೆ ಕೈಯನ್ನು ಅರ್ತ್ ಆದ ಲೋಹಕ್ಕೆ ತಾಗಿಸಿ. ಒಣ ಹವೆಯಲ್ಲಿ ಬಟ್ಟೆಯಿಂದ ಹುಟ್ಟುವ ಸಣ್ಣ ಕಿಡಿಯೂ ಬೋರ್ಡಿನ ಚಿಪ್‌ಗೆ ಕುತ್ತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಎರಡು ಮಾತು. ಹಳೆಯ ವೇರಿಯಾಕ್ಸ್‌ಗಳ ತಯಾರಿಕೆ ಯಾವತ್ತೋ ನಿಂತಿದೆ. ಬೋರ್ಡ್ ಸತ್ತರೆ ಇನ್ನೊಂದು ಸತ್ತ ಗಿಟಾರಿನಿಂದಲೇ ತೆಗೆಯಬೇಕಾಗಬಹುದು. ಹಾಗಾಗಿ ಹೊರಗಿನ ಗೀರು ನೋಡಿ ಬೆಲೆ ಚೌಕಾಸಿ ಮಾಡುವುದಕ್ಕಿಂತ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ತಂತಿ ಮೀಟಿ ಕೇಳಿ. ಪ್ರತಿ ಗುಂಡಿಯನ್ನೂ ತಿರುಗಿಸಿ. ಕರಕರ ಸದ್ದಾದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ವಿಡಿಐ ಕೇಬಲ್ ಚುಚ್ಚಿ ಅಲುಗಾಡಿಸಿ, ದನಿ ಕಡಿಯುತ್ತದೆಯೇ ನೋಡಿ. ಕಂಪ್ಯೂಟರಿಗೆ ಜೋಡಿಸುವ ಆ ಸಣ್ಣ ಪೆಟ್ಟಿಗೆ ಜೊತೆಗೆ ಕೊಡುತ್ತಾರಾ ಕೇಳಿ. ಬೇರೆಯಾಗಿ ಹುಡುಕುವುದು ಕಷ್ಟ. ಮನೆಗೆ ತಂದ ದಿನವೇ ನಿಮ್ಮ ಗಿಟಾರಿಗೆ ಹೊಂದುವ ಸಾಫ್ಟ್‌ವೇರನ್ನೂ ಫರ್ಮ್‌ವೇರ್ ಫೈಲನ್ನೂ ಇಳಿಸಿ, ಒಂದು ಪೆನ್‌ಡ್ರೈವ್‌ಗೆ ಹಾಕಿ, ಗಿಟಾರಿನ ಪೆಟ್ಟಿಗೆಯೊಳಗೇ ಇಟ್ಟುಬಿಡಿ. ಆ ಸಾಫ್ಟ್‌ವೇರ್ ನಡೆಯುವ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಕೊಡಬೇಡಿ.

ನಮಸ್ಕಾರ.