ಗಾಡಿಯ ತಗಡು ಹೊರುವ ಭಾರ

ಎಲ್ಲ ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಹಿಂದಿನ ಮಾತು. ವಿಜಯಪುರದ ನಮ್ಮ ಗ್ಯಾರೇಜಿಗೆ ಒಬ್ಬ ಹಿರಿಯರು ತಮ್ಮ ಹಳೆಯ ಸಣ್ಣ ಕಾರು ತಂದರು. "ಮಿಸ್ತ್ರಿಯವರ, ಪಂಕ್ಚರ್ ಆದಾಗ ಜ್ಯಾಕ್ ಹಚ್ಚಿ ಎತ್ತಿದ್ರ ಬಾಗಲಾ ಹಾಕ್ಕೊಳ್ಳವಲ್ದು ನೋಡ್ರಿ. ಕೆಳಗ ಇಳಿಸಿದ್ರ ಮತ್ತ ಸರಿ ಆಗ್ತೈತಿ" ಅಂದರು. ಬಾಗಿಲ ಕೀಲು ಸಡಿಲಾಗಿದೆ ಅಂತ ಅವರ ಲೆಕ್ಕ.

ಅವರೆದುರೇ ಎಡಗಡೆ ಜ್ಯಾಕ್ ಹಚ್ಚಿದೆ. ಬಾಗಿಲಿಗೂ ಬಾಡಿಗೂ ನಡುವೆ ಒಂದು ಸಂದು ಇರುತ್ತದಲ್ಲ, ಅದನ್ನೇ ನೋಡುತ್ತ ಎತ್ತಿದೆ. ಗಾಲಿ ನೆಲ ಬಿಡುವ ಹೊತ್ತಿಗೆ ಆ ಸಂದು ಒಂದು ತುದಿಯಲ್ಲಿ ಕಿರಿದಾಯಿತು, ಇನ್ನೊಂದು ತುದಿಯಲ್ಲಿ ಅಗಲವಾಯಿತು. ಬಾಗಿಲಿಗೆ ಏನೂ ಆಗಿರಲಿಲ್ಲ. ಬಾಗಿಲು ಕೂರುವ ಚೌಕಟ್ಟೇ ಓರೆಯಾಗುತ್ತಿತ್ತು.

ಗಾಡಿ ಇಳಿಸಿ, ಕೆಳಗೆ ಮಲಗಿ ನೋಡಿದೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಭಾಗಕ್ಕೆ ನಾವು ರನ್ನಿಂಗ್ ಬೋರ್ಡ್ ಅನ್ನುತ್ತೇವೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಹಿಡಿಯ ತನಕ ಒಳಗೆ ಹೋಯಿತು. ಪುಟ್ಟಿಯ ಚೂರು, ಕರಿ ಬಣ್ಣ, ತುಕ್ಕಿನ ಪುಡಿ ನನ್ನ ಮುಖದ ಮೇಲೆಯೇ ಉದುರಿದವು. ಹಿಂದೆ ಎಲ್ಲೋ ಯಾರೋ ತುಕ್ಕಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದು ಕಳಿಸಿದ್ದರು. ಹಿರಿಯರು ಕೇಳಿದರು: "ಅದು ಬರೇ ತಗಡು ಅಲ್ಲೇನ್ರಿ? ಭಾರ ಹೊರಾಕ ಒಳಗ ಚಾಸಿ ಇರ್ತೈತಲ್ಲ?"

ಇರುವುದಿಲ್ಲ. ಇವತ್ತು ನಿಮ್ಮೆದುರು ಇದನ್ನೇ ಬಿಡಿಸಿ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮ ಹಳ್ಳಿಯ ಮನೆ ಮಣ್ಣಿನ ಮಾಳಿಗೆಯದು. ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಮಣ್ಣು. ನಾನು ಹುಡುಗನಿದ್ದಾಗ ಒಂದು ಮಳೆಗಾಲ ಹಿತ್ತಲ ಕಡೆಯ ಗೋಡೆ ಕುಸಿಯಿತು. ಮಾಳಿಗೆ ಜಗ್ಗಲಿಲ್ಲ. ಭಾರವೆಲ್ಲ ಕಂಬದ ಮೇಲಿತ್ತು, ಗೋಡೆ ಸುಮ್ನೆ ಮರೆಗೆ ಇತ್ತು. ಈಗ ಗೋಲಗುಮ್ಮಟದ ಒಳಗೆ ಹೋಗಿ ನಿಲ್ಲಿ. 1656ರಲ್ಲಿ ಮುಗಿದ ಕಟ್ಟಡ. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ನಡುವೆ ಒಂದೂ ಕಂಬ ಇಲ್ಲ. ಒಂದನ್ನೊಂದು ಹಾಯುವ ಕಮಾನುಗಳು ಗುಮ್ಮಟದ ಭಾರವನ್ನು ಗೋಡೆಗೆ ದಾಟಿಸುತ್ತವೆ. ಅಲ್ಲಿ ಗೋಡೆಯೇ ಕಂಬ.

ಗಾಡಿಗಳಲ್ಲೂ ಹೀಗೆ ಎರಡು ಜಾತಿ. ಲಾರಿ, ಬೊಲೆರೊ, ಜಾತ್ರೆಗೆ ಜನ ತುಂಬಿಕೊಂಡು ಹೋಗುವ ಕ್ರೂಸರ್, ಇವು ಮಾಳಿಗೆ ಮನೆ ಇದ್ದಂತೆ. ಕೆಳಗೆ ಏಣಿಯ ಆಕಾರದ ಚಾಸಿ, ಅದರ ಮೇಲೆ ಬಾಡಿ. ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಗುಮ್ಮಟದ ಜಾತಿ: ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಇದು ಇತ್ತೀಚಿನ ಹೊಸ ಶೋಕಿ ಅಂತ ತಿಳಿಯಬೇಡಿ. ಇಟಲಿಯ ಲಾನ್ಸಿಯಾ ಲಾಂಬ್ಡಾ ಕಾರು 1922ರಲ್ಲೇ ಈ ದಾರಿ ಹಿಡಿದಿತ್ತು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1934ರಿಂದ ಇಂಥ ಕಾರನ್ನು ದೊಡ್ಡ ಲೆಕ್ಕದಲ್ಲಿ ಮಾಡಿ ಮಾರಿತು. ಅಷ್ಟೇಕೆ, ಗಟ್ಟಿ ಗಾಡಿ ಅಂತ ನಾವೆಲ್ಲ ಹೊಗಳುತ್ತಿದ್ದ ಅಂಬಾಸಡರ್‌ಗೂ ಬೇರೆ ಚಾಸಿ ಇರಲಿಲ್ಲ.

ಹಾಗಾದರೆ ಮುಕ್ಕಾಲು ಮಿಲಿಮೀಟರ್ ಆಸುಪಾಸಿನ ತಗಡು ಒಂದು ಗಾಡಿಯನ್ನು ಹೇಗೆ ಹೊರುತ್ತದೆ? ಮನೆಯಲ್ಲಿ ಬೆಂಕಿಪೊಟ್ಟಣ ಇದ್ದರೆ ಈಗಲೇ ಕೈಗೆ ತೆಗೆದುಕೊಳ್ಳಿ. ಕಡ್ಡಿ ಇರುವ ಒಳಗಿನ ತಟ್ಟೆ ಹೊರಗೆ ತೆಗೆಯಿರಿ. ಬರೀ ಹೊರಗಿನ ಹೊದಿಕೆಯನ್ನು ಎರಡು ಬೆರಳಲ್ಲಿ ಒತ್ತಿ. ಓರೆಯಾಗಿ ಮಲಗಿಬಿಡುತ್ತದೆ ಅಲ್ವಾ? ಈಗ ತಟ್ಟೆಯನ್ನು ಒಳಗೆ ತಳ್ಳಿ ಮತ್ತೆ ಒತ್ತಿ ನೋಡಿ. ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ತಟ್ಟೆಯೂ ಅದೇ ತೆಳು ರಟ್ಟಿನದು. ಆದರೆ ಅದರ ಎರಡು ತುದಿಯ ಗೋಡೆಗಳು ಚೌಕಕ್ಕೆ ಅಡ್ಡ ನಿಂತು, ಅದು ಓರೆಯಾಗಲು ಬಿಡುವುದಿಲ್ಲ. ಕಾರಿನ ಮಾಡು, ನೆಲದ ತಗಡು, ಎಂಜಿನ್ನಿಗೂ ನಮಗೂ ನಡುವಿನ ಅಡ್ಡಗೋಡೆ, ಇವೆಲ್ಲ ಮಾಡುವುದು ಇದೇ ಕೆಲಸ. ತೆಳು ತಗಡನ್ನು ಅಡ್ಡ ಒತ್ತಿದರೆ ಬೆರಳಿಗೇ ಬಗ್ಗುತ್ತದೆ. ಅಂಚು ಹಿಡಿದು ಅದರ ಮೈಯುದ್ದಕ್ಕೆ ಎಳೆದರೆ ಅದರ ಬಲ ಬೇರೆಯೇ. ಮುಂದಿನ ಗಾಜು ಕೂಡ ಇದರಲ್ಲಿ ಪಾಲುದಾರ. ಈಗಿನ ಕಾರುಗಳಲ್ಲಿ ಅದನ್ನು ಗಟ್ಟಿ ಅಂಟಿನಿಂದ ಬಾಡಿಗೆ ಕೂಡಿಸಿರುತ್ತಾರೆ. ಗಾಜು ಬದಲಿಸುವಾಗ ಅಂಟು ಕಮ್ಮಿ ಹಚ್ಚಿ ದುಡ್ಡು ಉಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತು, ನನಗೆ ತುಂಬ ಪ್ರೀತಿಯದು. ಹಳೆಯ ಪೇಪರ್ ಸುರುಳಿ ಸುತ್ತಿ, ಅಂಚಿಗೆ ಅಂಟು ಹಚ್ಚಿ ಒಂದು ಕೊಳವೆ ಮಾಡಿ. ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಕೈಗೆ ಸಿಗುವುದಿಲ್ಲ. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಕಡೆ ಸೀಳಿಬಿಡಿ. ಈಗ ಹೇಗೆ ತಿರುಚಿದರೂ ತಿರುಗುತ್ತದೆ. ಕಬ್ಬಿಣಕ್ಕೂ ಇದೇ ನಿಯಮ. 50 ಮಿಲಿಮೀಟರ್ ಅಗಲದ, 1 ಮಿಲಿಮೀಟರ್ ದಪ್ಪದ ಕೊಳವೆಯನ್ನು ಉದ್ದಕ್ಕೆ ಸೀಳಿದರೆ, ತಿರುಚನ್ನು ತಡೆಯುವ ಅದರ ಬಿಗಿತ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ತಗಡು ಎಲ್ಲೂ ಕಮ್ಮಿಯಾಗಿಲ್ಲ, ಬರೀ ಒಂದು ಸೀಳು ಬಿದ್ದಿದೆ, ಅಷ್ಟೇ.

ರನ್ನಿಂಗ್ ಬೋರ್ಡ್ ಅನ್ನುವುದು ಇಂಥ ಮುಚ್ಚಿದ ಕೊಳವೆ. ಒಳಗಿನ ತಗಡು, ಹೊರಗಿನ ತಗಡು, ಎರಡನ್ನೂ ಅಂಚಿನಲ್ಲಿ ಸ್ಪಾಟ್ ವೆಲ್ಡಿಂಗ್‌ನಿಂದ ಕೂಡಿಸಿರುತ್ತಾರೆ. ಒಂದು ಕಾರಿನಲ್ಲಿ ಇಂಥ ಬೆಸುಗೆಯ ಚುಕ್ಕೆಗಳು ಸಾವಿರಗಟ್ಟಲೆ ಇರುತ್ತವೆ. ತುಕ್ಕು ತಿಂದು ಆ ಅಂಚು ಬಿಚ್ಚಿಕೊಂಡರೆ ಕೊಳವೆ ಸೀಳಿದ ಹಾಗೆಯೇ. ಹಿರಿಯರ ಕಾರಿಗೆ ಆಗಿದ್ದು ಅದೇ. ಪುಟ್ಟಿ ತೂತು ಮುಚ್ಚುತ್ತದೆ, ಭಾರ ದಾಟಿಸುವುದಿಲ್ಲ.

ಎಲ್ಲ ತಗಡೂ ಭಾರ ಹೊರುತ್ತದೆ ಅಂತಲ್ಲ. ಬಾನೆಟ್, ಡಿಕ್ಕಿಯ ಮುಚ್ಚಳ, ಬಂಪರ್ ಮೇಲಿನ ಪ್ಲಾಸ್ಟಿಕ್, ಬೋಲ್ಟ್ ಹಾಕಿ ಕೂರಿಸಿದ ಮುಂದಿನ ಮಡ್‌ಗಾರ್ಡ್, ಇವನ್ನೆಲ್ಲ ಬಿಚ್ಚಿಟ್ಟರೂ ಗಾಡಿಯ ಬಿಗಿತ ಹೆಚ್ಚೇನೂ ಕೆಡುವುದಿಲ್ಲ. ಹಿಂದಿನ ಗಾಲಿಯ ಮೇಲಿನ ತಗಡು ಹಾಗಲ್ಲ, ಅದನ್ನು ಬಾಡಿಗೇ ಬೆಸೆದಿರುತ್ತಾರೆ. ಬೋಲ್ಟ್ ಇದ್ದದ್ದು ಹೆಚ್ಚಾಗಿ ಹೊದಿಕೆ, ಬೆಸುಗೆ ಇದ್ದದ್ದು ಮೂಳೆ. ಹುಡುಗರಿಗೆ ಕೆಲಸ ಕಲಿಸುವಾಗ ನಾನು ಮೊದಲು ಹೇಳುವುದು ಇದನ್ನೇ.

ಈಗ ಚಾಸಿ ಗಾಡಿಗೆ ಬರೋಣ. ಅಲ್ಲಿ ಭಾರವೆಲ್ಲ ಚಾಸಿಯದೇ, ಬಾಡಿ ಸುಮ್ನೆ ಮೇಲೆ ಕೂತಿದೆ ಅಂತ ಜನ ತಿಳಿದಿದ್ದಾರೆ. ಪೂರ್ತಿ ಸರಿಯಲ್ಲ. ಪಲ್ಲಕ್ಕಿ ಹೊತ್ತವರನ್ನು ಕೇಳಿ. ನಾಲ್ಕು ಜನರಲ್ಲಿ ಬಗ್ಗಿದವನು ತಪ್ಪಿಸಿಕೊಳ್ಳುತ್ತಾನೆ, ಬಗ್ಗದವನ ಹೆಗಲಿಗೆ ಭಾರ ಜಾಸ್ತಿ. ಗಾಡಿಯಲ್ಲೂ ಯಾವುದು ಬಿಗಿಯೋ ಅದರ ಕಡೆಗೇ ಭಾರ ಹರಿಯುತ್ತದೆ. ಬಾಡಿ ಒಂದು ಮುಚ್ಚಿದ ಪೆಟ್ಟಿಗೆ, ತಿರುಚುವುದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಏಣಿಯಂಥ ಚಾಸಿ ತಿರುಚಿಗೆ ಬೇಗ ಬಗ್ಗುತ್ತದೆ. ಹಾಗಾಗಿ ತಗ್ಗು ದಿಣ್ಣೆಯಲ್ಲಿ ಬರುವ ತಿರುಚಿನಲ್ಲಿ ಬಾಡಿಯೂ ತನ್ನ ಪಾಲು ಹೊರುತ್ತದೆ. ಎಷ್ಟು ಪಾಲು ಅನ್ನುವುದು ಎರಡರ ನಡುವೆ ಇರುವ ರಬ್ಬರ್ ಬುಷ್‌ಗಳ ಮೇಲೆ ನಿಂತಿದೆ. ಆ ರಬ್ಬರ್ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬಾಡಿಯ ಮೇಲೆ ಬೀಳಬಾರದ ಪೆಟ್ಟು ಬೀಳುತ್ತದೆ. ಆಗ ಬಾಗಿಲ ಮೂಲೆಯಲ್ಲಿ, ಮಾಡನ್ನು ಹೊರುವ ಕಂಬದ, ಅಂದರೆ ಪಿಲ್ಲರ್‌ನ, ಬುಡದಲ್ಲಿ ಸಣ್ಣ ಬಿರುಕು ಕಾಣಿಸುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಹೋದಾಗ ಹೊಲದಿಂದ ರಸ್ತೆಗೆ ಏರುವ ಲಾರಿ ನೋಡಿ. ಕ್ಯಾಬಿನ್ ಎಡಕ್ಕೆ ವಾಲಿರುತ್ತದೆ, ಹಿಂದಿನ ಬಾಡಿ ಬಲಕ್ಕೆ. ನಡುವೆ ಚಾಸಿ ತಿರುಚಿಕೊಂಡಿರುತ್ತದೆ. ಅದು ದೋಷವಲ್ಲ, ಹಾಗೆಂದೇ ಮಾಡಿದ್ದು. ಉದ್ದದ ಎರಡು ತೊಲೆಗಳನ್ನು ಒಂದು ಕಡೆ ತೆರೆದ ಚಾನೆಲ್ ಆಕಾರದಲ್ಲಿ ಮಾಡುವುದು ಇದಕ್ಕೇ. ಸೀಳಿದ ಕೊಳವೆಯ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ: ಚಾಸಿ ಬಗ್ಗಿ ಕೊಟ್ಟು, ಏರುತಗ್ಗಿನಲ್ಲೂ ಗಾಲಿಗಳು ನೆಲ ಬಿಡದಂತೆ ನೋಡಿಕೊಳ್ಳುತ್ತದೆ. ಅದಕ್ಕೇ ಸಾಮಾನಿನ ಬಾಡಿಯನ್ನು ಚಾಸಿಗೆ ಬೆಸೆಯುವುದಿಲ್ಲ, ಯು ಬೋಲ್ಟ್ ಹಾಕಿ ಬಿಗಿಯುತ್ತಾರೆ. "ಬೋಲ್ಟ್ ಯಾಕ, ವೆಲ್ಡಿಂಗ್ ಹೊಡದಬಿಡ್ರಿ" ಅನ್ನುವ ಮಾಲೀಕರಿಗೆ ನಾನು ಒಪ್ಪುವುದಿಲ್ಲ. ಬೆಸೆದ ಜಾಗದ ಪಕ್ಕದಲ್ಲೇ ಚಾಸಿ ಸೀಳುತ್ತದೆ. ತೂತು ಕೊರೆಯುವುದೂ ಅಷ್ಟೇ. ಭಾರ ಬಿದ್ದಾಗ ತೊಲೆಯ ಮೇಲಂಚು ಅದುಮಿಕೊಳ್ಳುತ್ತದೆ, ಕೆಳಂಚು ಎಳೆದುಕೊಳ್ಳುತ್ತದೆ, ನಟ್ಟನಡುವೆ ಒತ್ತಡ ಕಮ್ಮಿ. ತೂತು ಬೇಕೇಬೇಕಾದರೆ ತೊಲೆಯ ನೆಟ್ಟಗೆ ನಿಂತ ಬದಿಯ ನಡುವೆ ಇರಲಿ, ಅಂಚಿನ ಪಟ್ಟಿಗೆ ಡ್ರಿಲ್ ಮುಟ್ಟಿಸಲೇಬೇಡಿ.

ಹೊಸ ಕಾರುಗಳ ಬಗ್ಗೆಯೂ ಒಂದು ಮಾತು. ಮುಂದಿನ ಬಾಗಿಲು, ಹಿಂದಿನ ಬಾಗಿಲು ಇವುಗಳ ನಡುವಿನ ಪಿಲ್ಲರಿನೊಳಗೆ ಈಗ ಬಹಳಷ್ಟು ಗಾಡಿಗಳಲ್ಲಿ ಕೆಂಪಗೆ ಕಾಯಿಸಿ, ಅಚ್ಚಿನಲ್ಲೇ ತಟ್ಟನೆ ತಣಿಸಿದ ಉಕ್ಕು ಇರುತ್ತದೆ. ಗ್ಯಾಸ್ ಕಟ್ಟರ್ ಹಿಡಿದು ಅದನ್ನು ಕಾಯಿಸಿ ನೇರ ಮಾಡಿದರೆ ಆ ಗಡಸುತನ ಹೋಗುತ್ತದೆ. ಮೇಲೆ ಬಣ್ಣ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದಾಗ, ಒಳಗೆ ಕೂತ ಮಗುವಿಗೂ ಆ ಗಾಡಿಗೂ ನಡುವೆ ಅಡ್ಡ ನಿಲ್ಲುವ ಮುಖ್ಯ ಮೂಳೆ ಆ ಪಿಲ್ಲರ್.

ಹಿರಿಯರ ಕಾರಿಗೆ ನಾಲ್ಕು ದಿನ ಹಿಡಿಯಿತು. ತಗಡು ಕತ್ತರಿಸುವ ಮೊದಲು ಕೆಳಗೆ ನಾಲ್ಕು ಕಡೆ ಆಸರೆ ಕೊಟ್ಟೆವು. ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆದು, ಅಳತೆ ಕದಲದಂತೆ ಹಿಡಿದೆವು. ಹೊಳೆಯುವ ಗಟ್ಟಿ ಕಬ್ಬಿಣ ಸಿಗುವ ತನಕ ತುಕ್ಕು ಕತ್ತರಿಸಿ ತೆಗೆದು, ಒಳ ತಗಡು ಹೊರ ತಗಡು ಎರಡನ್ನೂ ಹೊಸದಾಗಿ ಕೂಡಿಸಿ ಕೊಳವೆ ಮುಚ್ಚಿದೆವು. ನೀರು ಇಳಿಯುವ ಸಣ್ಣ ತೂತುಗಳನ್ನು ಬಿಟ್ಟು ಒಳಗೆಲ್ಲ ಮೇಣದ ಎಣ್ಣೆ ಸಿಂಪಡಿಸಿದೆವು.

ಅವರು ಬಂದಾಗ ಮೊದಲಿನ ಜಾಗಕ್ಕೇ ಜ್ಯಾಕ್ ಹಚ್ಚಿ ಗಾಲಿ ಎತ್ತಿದೆ. "ಈಗ ಹಾಕ್ರಿ, ಕಾಕಾ" ಅಂದೆ. ಅವರು ಬಾಗಿಲು ಮೆಲ್ಲಗೆ ದೂಡಿದರು. ಟಪ್ ಅಂತ ಕೂತಿತು. ತೆಗೆದು ಮತ್ತೆ ಹಾಕಿದರು. ಆಮೇಲೆ ಬಗ್ಗಿ, ಬಾಗಿಲ ಕೆಳಗಿನ ಆ ತಗಡಿನ ಮೇಲೆ ಈ ತುದಿಯಿಂದ ಆ ತುದಿಯ ತನಕ ಕೈಯಾಡಿಸಿದರು.

ನಮಸ್ಕಾರ.