ಐವತ್ತು ಗ್ರಾಂ ಟ್ಯೂಬ್ ಒಂದು ವರ್ಷ ಬಂತಂತೆ!

ನಮಸ್ಕಾರ. ಇವತ್ತು ಸೀಗೆಕಾಯಿಯ ಬಗ್ಗೆ ಮಾತನಾಡಬೇಕಿತ್ತು. ಮೂರು ಪುಟ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಳೆಯ ವೀಡಿಯೊದ ಕೆಳಗೆ ಬಂದಿದ್ದ ಒಂದು ಕಾಮೆಂಟ್ ಓದಿದೆ. ಸೀಗೆಕಾಯಿ ಅಲ್ಲಿಗೇ ಮುಗಿಯಿತು.

ಬರೆದವರ ಹೆಸರು ಹೇಳುವುದಿಲ್ಲ. ಅಕ್ಕ, ನೀವು ಯಾರೆಂದು ನಿಮಗೆ ಗೊತ್ತು. ಕಾಮೆಂಟ್ ಹೀಗಿದೆ: "ನಿಮ್ಮ ಮಾತು ಕೇಳಿ ಸನ್‌ಸ್ಕ್ರೀನ್ ತಂದು ದಿನಾ ಹಚ್ಚಿದೆ. 50 ಗ್ರಾಂ ಟ್ಯೂಬ್, ಒಂದು ವರ್ಷ ಬಂತು. ಕೆನ್ನೆಯ ಮೇಲಿನ ಬಂಗು ಹಾಗೇ ಇದೆ. ಎಲ್ಲಾ ಮೋಸ."

ಒಂದು ವರ್ಷ! ಅಕ್ಕ, ನಮ್ಮ ಮನೆಯಲ್ಲಿ 50 ಗ್ರಾಂ ಇಂಗು ಒಂದು ವರ್ಷ ಬರುವುದಿಲ್ಲ!

ಲೆಕ್ಕ ಹಾಕೋಣ. ಟ್ಯೂಬಿನ ಮೇಲೆ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಎಸ್‌ಪಿಎಫ್ ಅಂಕಿ ಇದೆಯಲ್ಲ, ಅದು ಆಕಾಶದಿಂದ ಉದುರಿದ್ದಲ್ಲ. ಪ್ರಯೋಗಾಲಯದಲ್ಲಿ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಹಚ್ಚಿ ಅಳೆದದ್ದು. ಆ ಪ್ರಕಾರ ಮುಖಕ್ಕೆ ಸುಮಾರು ಒಂದು ಗ್ರಾಂ ಬೇಕು. ತೋರುಬೆರಳು, ನಡುಬೆರಳು, ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ದಿನಕ್ಕೆ ಟ್ಯೂಬ್ ಖಾಲಿ. ಅಕ್ಕನ ಟ್ಯೂಬ್ 365 ದಿನ ಬಾಳಿದೆ. ಅಂದರೆ ಬೇಕಾದ್ದರಲ್ಲಿ ಏಳನೇ ಒಂದು ಭಾಗ. ಅರಿಶಿನ-ಕುಂಕುಮಕ್ಕೆ ಕರೆದಾಗ ಕೆನ್ನೆಗೆ ಅರಿಶಿನ ಮುಟ್ಟಿಸಿಕೊಂಡು ಬರುತ್ತೇವಲ್ಲ, ಅಕ್ಕ ಮಾಡಿದ್ದು ಅದನ್ನು.

ಬಂಗು ಕರಗಬೇಕಾದರೆ ಚರ್ಮವೈದ್ಯರ ಔಷಧ ಬೇರೆಯೇ ಬೇಕು, ಅದು ಸರಿ. ಆದರೆ ಬಿಸಿಲಿಗೆ ತಡೆ ಇಲ್ಲದೆ ಔಷಧ ಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಯಾವ ಸನ್‌ಸ್ಕ್ರೀನ್ ಒಳ್ಳೆಯದು ಹೇಳಿ" ಎಂದು ವಾರಕ್ಕೆ ನಲವತ್ತು ಜನ ಕೇಳುತ್ತೀರಿ. ನನ್ನ ಉತ್ತರ ಒಂದೇ. ದಿನಾ ಎರಡು ಬೆರಳು ತುಂಬ ಹಚ್ಚಲು ನಿಮ್ಮ ಮುಖವೂ ಪರ್ಸೂ ಯಾವುದಕ್ಕೆ ಒಪ್ಪುತ್ತವೆಯೋ ಅದು.

ನನ್ನ ಕಥೆಯನ್ನೇ ಕೇಳಿ. ಒಮ್ಮೆ 1,200 ರೂಪಾಯಿ ಕೊಟ್ಟು ಒಂದು ಟ್ಯೂಬ್ ತಂದೆ. ಪರಿಮಳವೇನು, ಡಬ್ಬಿಯ ಅಂದವೇನು! ದಿನಕ್ಕೆ 24 ರೂಪಾಯಿ ಬೀಳುತ್ತದೆ ಎಂದು ತಲೆಯೊಳಗೆ ಲೆಕ್ಕ ಹೊಕ್ಕ ಕ್ಷಣದಿಂದ ಕೈ ಬಿಗಿಯಾಯಿತು. ಬಟಾಣಿ ಗಾತ್ರಕ್ಕೆ ಇಳಿದೆ. ಆಮೇಲೆ ಸಾಸಿವೆ. ಈಗ 400 ರೂಪಾಯಿಯದು ತರುತ್ತೇನೆ. ದಿನಕ್ಕೆ 8 ರೂಪಾಯಿ, ಮದುವೆಮನೆಯಲ್ಲಿ ತುಪ್ಪ ಬಡಿಸಿದ ಹಾಗೆ ಸುರಿದುಕೊಳ್ಳುತ್ತೇನೆ. ಅಂದ ಹಾಗೆ, ಯಾವ ಕಂಪನಿಯೂ ನನಗೆ ದುಡ್ಡು ಕೊಟ್ಟಿಲ್ಲ. ಕೊಡುವ ಮನಸ್ಸಿದ್ದರೆ ಮಿಂಚಂಚೆ ವಿಳಾಸ ವಿವರಣೆಯಲ್ಲಿದೆ, ನಾನು ಬೇಡ ಎನ್ನುವ ಪೈಕಿ ಅಲ್ಲ.

ಈಗ ಬುದ್ಧಿವಂತರು ಬರುತ್ತಾರೆ. "ಮೇಡಂ, ಎಸ್‌ಪಿಎಫ್ 30 ಸಾಕೇ, 50 ಬೇಕೇ?" ಸರಿಯಾಗಿ ಹಚ್ಚಿದರೆ 30 ಎಂದಿರುವುದು ಯುವಿಬಿಯಲ್ಲಿ, ಅಂದರೆ ಚರ್ಮ ಸುಡುವ ಅತಿನೇರಳೆ ಕಿರಣಗಳಲ್ಲಿ, ಸುಮಾರು 97 ಪ್ರತಿಶತ ತಡೆಯುತ್ತದೆ, 50 ಎಂದಿರುವುದು 98. ಒಂದೇ ಒಂದು ಅಂಶದ ಅಂತರ! ಇದಕ್ಕಾಗಿ ಜನ ತಿಂಗಳುಗಟ್ಟಲೆ ಜಗಳವಾಡುತ್ತಾರೆ, ಹಚ್ಚುವುದು ಮಾತ್ರ ಸಾಸಿವೆಯಷ್ಟು. ಎಸ್‌ಪಿಎಫ್ ಯುವಿಬಿಯ ಲೆಕ್ಕ. ಚರ್ಮದ ಆಳಕ್ಕೆ ಇಳಿಯುವ ಇನ್ನೊಂದು ಬಗೆಯ ಅತಿನೇರಳೆ ಕಿರಣ ಯುವಿಎಗೆ ಪಿಎ ಎಂದು ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ, ಅದು ಜಪಾನಿನಿಂದ ಬಂದ ಪದ್ಧತಿ. ಮೂರು ಪ್ಲಸ್ ಇದ್ದರೆ ಒಳ್ಳೆಯದು, ನಾಲ್ಕಿದ್ದರೆ ಇನ್ನೂ ಒಳ್ಳೆಯದು. ಇದನ್ನು ನೋಡಿಯೇ ಕೊಳ್ಳಿ, ಏಕೆಂದರೆ ಯುವಿಎ ಗಾಜಿನೊಳಗಿಂದಲೂ ಬರುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಹೊಡೆದಾಡುವವರೇ, ಗಾಜು ಏರಿಸಿದ ಮಾತ್ರಕ್ಕೆ ಬಚಾವಾಗಲಿಲ್ಲ.

"ಮುಖ ಬೆಳ್ಳಗಾಗುತ್ತದೆ." ಇದೊಂದು ನ್ಯಾಯವಾದ ದೂರು. ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರುವ ಕೆಲವನ್ನು ನಮ್ಮ ಬಣ್ಣದವರು ಹಚ್ಚಿಕೊಂಡರೆ ಯಕ್ಷಗಾನದ ಚೌಕಿಯಿಂದ ಅರ್ಧ ವೇಷಕ್ಕೇ ಎದ್ದು ಬಂದಂತೆ ಕಾಣುತ್ತೇವೆ. ದಕ್ಷಿಣ ಆಫ್ರಿಕಾದ ವೇಗದ ಬೌಲರ್ ಅಲನ್ ಡೊನಾಲ್ಡ್ ಮುಖಕ್ಕೆ ಬಿಳಿ ಬಳಿದುಕೊಂಡು ಬೌಲಿಂಗ್ ಮಾಡಿದರೆ ಬ್ಯಾಟ್ಸ್‌ಮನ್ ಹೆದರುತ್ತಿದ್ದ. ನಾವು ಹಾಗೆ ಕಚೇರಿಗೆ ಹೋದರೆ ನಗುತ್ತಾರೆ. ಅದಕ್ಕೆ ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಇದೆ. ಬಂಗು ಇರುವವರಿಗಂತೂ ಅದೇ ಮೇಲು, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಐರನ್ ಆಕ್ಸೈಡ್ ಅದನ್ನೂ ಒಂದಷ್ಟು ತಡೆಯುತ್ತದೆ. ಎಷ್ಟು ಹಚ್ಚಬೇಕು? ಎರಡು ಬೆರಳು!

"ಬೆಂಗಳೂರಿನ ಹವೆ ತಂಪು, ಇಲ್ಲಿ ಏಕೆ?" ತಂಪಿಗೂ ಯುವಿಗೂ ಏನು ಸಂಬಂಧ ಸ್ವಾಮಿ? ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಕುಳಿತಿದ್ದೀರಿ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ನಿಂತು ಕಂಬಕ್ಕೂ ನೆರಳಿರುವುದಿಲ್ಲ. ನೀವು ಸ್ವೆಟರ್ ಹಾಕಿದ್ದೀರಿ ಎಂದು ಸೂರ್ಯನಿಗೆ ಯಾರು ಹೇಳಬೇಕು?

"ನಮ್ಮಜ್ಜಿ ಏನೂ ಹಚ್ಚುತ್ತಿರಲಿಲ್ಲ." ಬಂದೇ ಬಿಟ್ಟರು ಅಜ್ಜಿ! ನಿಮ್ಮಜ್ಜಿ ತಲೆ ತುಂಬ ಸೆರಗು ಹೊದ್ದು ತೋಟದ ನೆರಳಿನಲ್ಲಿ ಓಡಾಡುತ್ತಿದ್ದರು. ನೀವು ಮಧ್ಯಾಹ್ನ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಹುರಿಗಡಲೆ ಆಗುತ್ತೀರಿ. ನಮ್ಮಜ್ಜಿಯ ಎರಡೂ ಕೆನ್ನೆಯಲ್ಲಿ ಬಂಗು ಇತ್ತು, ಪಾಪ, ಯಾರೂ ಕೇಳಲಿಲ್ಲ.

"ವಿಟಮಿನ್ ಡಿ?" ಮುಂದೆ ಹೋಗಿ.

"ಅಲೋವೆರಾ ಸಾಕಲ್ಲ?" ಸಾಲದು. ಮುಂದೆ ಹೋಗಿ.

"ನನ್ನ ಪೌಡರಿನಲ್ಲೇ ಎಸ್‌ಪಿಎಫ್ ಇದೆ." ಆ ಅಂಕಿ ನಿಜವಾಗಬೇಕಾದರೆ ಎಷ್ಟು ಪೌಡರ್ ಬಳಿಯಬೇಕು ಗೊತ್ತೇ? ಗೋಡೆಗೆ ಸುಣ್ಣ ಹೊಡೆದಷ್ಟು. ಹೊಡೆಯುತ್ತೀರಾ? ಇಲ್ಲ. ಹಾಗಾದರೆ ಎರಡು ಬೆರಳು. ಬಿಸಿಲಲ್ಲೇ ಇರುವವರಾದರೆ ಎರಡು ಗಂಟೆಗೊಮ್ಮೆ ಮತ್ತೆ ಎರಡು ಬೆರಳು. ಹೊಸ ಟ್ಯೂಬ್ ತೆರೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾನು ಬರೆದಿದ್ದೇನೆ, ಇಗೋ, ನೋಡಿ... ಸ್ವಲ್ಪ ಹಳೆಯದೇ. ನಡುವೆ ಒಂದು ವಾರ ಜ್ವರ ಬಂದಿತ್ತು, ಮನೆಯಿಂದ ಹೊರಗೆ ಹೋಗಿರಲಿಲ್ಲ. ಅದು ಬೇರೆ ವಿಷಯ.

"ಎರಡು ಬೆರಳು" ಎಂದು ಅಚ್ಚು ಹಾಕಿಸಿದ ಕಾಫಿ ಲೋಟಗಳು ಮುಂದಿನ ತಿಂಗಳು ಬರಲಿವೆ. ಚಂದಾದಾರರಾಗಿ, ಗಂಟೆ ಒತ್ತಿ. ಸೀಗೆಕಾಯಿ ಮುಂದಿನ ವಾರ, ಯಾರೂ ಕೆಣಕದಿದ್ದರೆ.

ಕೊನೆಗೆ ಒಂದು ಪ್ರಶ್ನೆ ಓದಿಬಿಡುತ್ತೇನೆ. "ಮೇಡಂ, ನನ್ನ ಬೆರಳು ಗಿಡ್ಡ. ನನ್ನ ಯಜಮಾನರ ಬೆರಳಿನ ಮೇಲೆ ಅಳೆಯಬಹುದೇ?"

ಅಳೆಯಿರಿ ತಾಯಿ. ಅಳೆದು ಅರ್ಧ ಅವರ ಮುಖಕ್ಕೂ ಬಳಿಯಿರಿ. ಅಯ್ಯೋ, ಅಲ್ಲ, ಅರ್ಧ ಅಲ್ಲ! ಅವರಿಗೆ ಬೇರೆ ಎರಡು ಬೆರಳು!