ಕಂಕುಳಿಗೆ ಕೈ ಹಾಕಿ ರೋಗಿಯನ್ನ ಎತ್ತೋದು ನಿಲ್ಲಲಿ

ಹಾಸಿಗೆ ಹಿಡಿದವರನ್ನ ಎಬ್ಬಿಸಿ ಕೂರಿಸಬೇಕು ಅಂದ ತಕ್ಷಣ ನಮ್ಮ ಮನೆಗಳಲ್ಲಿ, ಎಷ್ಟೋ ವಾರ್ಡ್‌ಗಳಲ್ಲೂ, ನಡೆಯೋದು ಒಂದೇ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಜಗ್ಗುತಾರೆ. ಈ ಪದ್ಧತಿ ಪೂರ್ತಿ ನಿಲ್ಲಬೇಕು. ನಿಧಾನವಾಗಿ, ಹುಷಾರಾಗಿ ಮಾಡಿದ್ರೆ ಪರವಾಗಿಲ್ಲ ಅನ್ನೋ ವಾದ ನಾನು ಒಪ್ಪಲ್ಲ. ಇದನ್ನ ಸರಿಯಾಗಿ ಮಾಡೋ ದಾರಿಯೇ ಇಲ್ಲ.

ಯಾಕೆ ಅಂತ ನೋಡಿ. ಭುಜದ ಕೀಲಿನ ಗುಂಡಿ ಆಳ ಇರಲ್ಲ, ಸುತ್ತಲಿನ ಸ್ನಾಯುಗಳ ಬಿಗಿಯಿಂದಲೇ ಅದು ಜಾಗದಲ್ಲಿ ನಿಲ್ಲುತ್ತೆ. ಲಕ್ವ ಹೊಡೆದ ಕೈಯಲ್ಲಿ ಆ ಬಿಗಿ ಹೋಗಿರುತ್ತೆ. ಅಂಥ ತೋಳು ಹಿಡಿದು ಮೈಭಾರ ಎತ್ತಿದ್ರೆ ಕೀಲು ಜಾರುತ್ತೆ. ಆಮೇಲೆ ತಿಂಗಳುಗಟ್ಟಲೆ ನೋವು, ವ್ಯಾಯಾಮಕ್ಕೂ ಕೈ ಮುಟ್ಟಗೊಡಲ್ಲ. ಬೈಪಾಸ್ ಆದವರ ಎದೆಮೂಳೆಯನ್ನ ತಂತಿ ಹಾಕಿ ಕೂಡಿಸಿರ್ತಾರೆ, ಕಂಕುಳು ಎಳೆದಾಗ ಜಗ್ಗು ಬೀಳೋದು ಅದರ ಮೇಲೇ. ಇನ್ನೊಂದು ಕಣ್ಣಿಗೆ ಕಾಣದ ಹಾನಿ ಇದೆ. ಮೇಲೆದ್ದಿದ್ದು ಭುಜ ಮಾತ್ರ, ಸೊಂಟದ ಕೆಳಭಾಗ ಹಾಸಿಗೆಗೆ ಉಜ್ಜಿಕೊಂಡೇ ಬರುತ್ತೆ. ಚರ್ಮ ಹಾಸಿಗೆಗೆ ಅಂಟಿರುತ್ತೆ, ಒಳಗಿನ ಮೂಳೆ ಮುಂದೆ ಸರಿಯುತ್ತೆ, ನಡುವಿನ ಸಣ್ಣ ರಕ್ತನಾಳಗಳು ಎಳೆದು ತಿರುಚಿಹೋಗ್ತವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ರೂ ಬೆಡ್‌ಸೋರ್ ಹೇಗೆ ಬಂತು ಅಂತ ಕೇಳ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ.

ಇನ್ನು ಎತ್ತೋರ ಬೆನ್ನು. ಕೆಲಸದ ಜಾಗದ ಸುರಕ್ಷತೆಯನ್ನ ಅಧ್ಯಯನ ಮಾಡೋ ಅಮೆರಿಕದ ಸರ್ಕಾರಿ ಸಂಸ್ಥೆ ನೈಯಾಷ್, ಎಲ್ಲಾ ಅನುಕೂಲ ಇದ್ದಾಗ ಒಬ್ಬರು ಎತ್ತಬಹುದಾದ ಭಾರದ ಮಿತಿಯನ್ನ 23 ಕೆ.ಜಿ. ಅಂತ ಇಟ್ಟಿದೆ. ಅಲ್ಲಿಯ ಥಾಮಸ್ ವಾಟರ್ಸ್ 2007ರಲ್ಲಿ, ರೋಗಿಗಳನ್ನ ಎತ್ತೋದಾದ್ರೆ ಈ ಮಿತಿ 35 ಪೌಂಡ್, ಅಂದ್ರೆ ಸುಮಾರು 16 ಕೆ.ಜಿ. ಇರಬೇಕು ಅಂದ್ರು. 60 ಕೆ.ಜಿ. ತೂಕದವರನ್ನ ಇಬ್ಬರು ಸಮನಾಗಿ ಹಂಚಿಕೊಂಡ್ರೂ ತಲಾ 30. ಮಿತಿಯ ಹತ್ತಿರ ಹತ್ತಿರ ಎರಡರಷ್ಟು! "ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ" ಅಂತ ತರಬೇತಿ ಕೊಟ್ಟು ಕೈ ತೊಳ್ಕೊಳ್ತಾರೆ. ಅದು ನೆಲದ ಮೇಲಿನ ಅಕ್ಕಿ ಮೂಟೆಗೆ ಸರಿ. ಮೂಟೆ ಹೆದರಿ ನಿಮ್ಮ ಕುತ್ತಿಗೆಗೆ ಜೋತುಬೀಳಲ್ಲ, ಮತ್ತೆ ಮಂಚ ಅಡ್ಡ ಇದ್ದಾಗ ಮಂಡಿ ಬಗ್ಗಿಸೋದಾದ್ರೂ ಎಲ್ಲಿಗೆ? ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಎತ್ತೋ ಅಟೆಂಡರ್‌ಗಳಿಗೂ ಒಂದು ಮಾತು: ಆ ಬೆಲ್ಟ್ ಬೆನ್ನು ಕಾಯುತ್ತೆ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತ ನೈಯಾಷ್ 1994ರಲ್ಲೇ ಹೇಳಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನರ್ಸ್‌ಗಳ ಸಂಘ 1998ರಲ್ಲಿ "ಎತ್ತೋದೇ ಬೇಡ" ಅನ್ನೋ ನೀತಿ ತಂದಿತು. ನಾವು ಇನ್ನೂ ಗಟ್ಟಿಮುಟ್ಟಾದ ವಾರ್ಡ್‌ಬಾಯ್ ಎಲ್ಲಿ ಅಂತ ಹುಡುಕ್ತಾ ಇದೀವಿ.

ಹಾಗಾದ್ರೆ ಏನು ಮಾಡಬೇಕು? ಜಾರಿಸಬೇಕು.

ರೋಗಿ ಹಾಸಿಗೆಯಲ್ಲಿ ಕೆಳಗೆ ಸರಿದಿದ್ದಾರೆ, ಮೇಲಕ್ಕೆ ತರಬೇಕು ಅಂದುಕೊಳ್ಳಿ. ಗಟ್ಟಿ ಹತ್ತಿ ಬೆಡ್‌ಶೀಟನ್ನ ಎರಡು ಮಡಿಕೆ ಮಾಡಿ, ಭುಜದಿಂದ ತೊಡೆ ಮಧ್ಯದವರೆಗೆ ಬರೋ ಹಾಗೆ ಮೈ ಕೆಳಗೆ ಹಾಸಿರಬೇಕು. ಹಾಸೋದಕ್ಕೂ ಎತ್ತಬೇಕಿಲ್ಲ, ಒಂದು ಮಗ್ಗುಲಿಗೆ ಹೊರಳಿಸಿ ಅರ್ಧ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಉಳಿದರ್ಧ. ತಲೆ ಕಡೆ ಎತ್ತರಿಸಿದ್ರೆ ಇಳಿಸಿ, ಇಲ್ಲಾಂದ್ರೆ ಇಳಿಜಾರಿನ ವಿರುದ್ಧ ಎಳೆದ ಹಾಗೆ. ಆದ್ರೆ ಊಟ ಅಥವಾ ಮೂಗಿನ ಟ್ಯೂಬಿನ ಫೀಡ್ ಆಗಿ ಒಂದು ಗಂಟೆಯೊಳಗೆ ಇಳಿಸಬೇಡಿ. ಉಬ್ಬಸ ಇರೋರನ್ನ ಮಲಗಿಸಿಟ್ಟು ತಡ ಮಾಡಬೇಡಿ. ಯೂರಿನ್ ಬ್ಯಾಗ್ ಮಂಚಕ್ಕೆ ಸಿಕ್ಕಿಸಿರ್ತಾರೆ, ಅದನ್ನ ಮೊದಲು ಬಿಡಿಸಿ. ಮರೆತು ಎಳೆದ್ರೆ ಕ್ಯಾಥೆಟರ್ ಮೂತ್ರನಾಳವನ್ನೇ ಗಾಯ ಮಾಡುತ್ತೆ. ಶೀಟಿನ ಅಂಚನ್ನ ರೋಗಿಯ ಮೈಗೆ ತಾಗೋ ತನಕ ಸುರುಳಿ ಸುತ್ತಿ ಹಿಡೀರಿ. ಅವರ ಗಲ್ಲ ಎದೆಗೆ, ಮಂಡಿ ಮಡಚಿ ಪಾದ ಊರಿರಲಿ. ಆಮೇಲೆ ಇಬ್ಬರೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸ್ತಾ ಶೀಟನ್ನ ತಲೆ ಕಡೆ ಜಾರಿಸಿ. ಎಣಿಕೆ ವಿಷಯ: ಒಬ್ಬರು "ಮೂರು" ಅನ್ನೋವಾಗಲೇ ಎಳೀತಾರೆ, ಇನ್ನೊಬ್ಬರು ಮೂರು ಮುಗಿದ ಮೇಲೆ. ಅರ್ಧ ಅವಘಡ ಅಲ್ಲೇ. "ಎಳೀರಿ" ಅಂದಾಗ ಎಳೆಯೋದು ಅಂತ ಮೊದಲೇ ಮಾತಾಡಿಕೊಳ್ಳಿ. ನೈಲಾನ್ ಸ್ಲೈಡ್ ಶೀಟ್ ಸಿಕ್ಕಿದ್ರೆ ಇನ್ನೂ ಹಗುರ, ಆದ್ರೆ ಕೆಲಸ ಮುಗಿದ ತಕ್ಷಣ ತೆಗೀಬೇಕು. ಅದರ ಮೇಲೆ ಬಿಟ್ಟುಹೋದ್ರೆ ರೋಗಿ ಮಂಚದಿಂದಲೇ ಜಾರ್ತಾರೆ.

ಮಂಚದಿಂದ ವೀಲ್‌ಚೇರಿಗೆ ಹೋಗೋದು ಇದಕ್ಕಿಂತ ಸೂಕ್ಷ್ಮ. ಚೇರು ಸಾಮಾನ್ಯವಾಗಿ ಶಕ್ತಿ ಇರೋ ಕಡೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಇರಲಿ. ಎರಡೂ ಬ್ರೇಕ್ ಹಾಕಿ, ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿಸಿ. ಟೈಲ್ಸ್ ಮೇಲೆ ಬರೀ ಸಾಕ್ಸ್ ಬೇಡ, ಬರಿಗಾಲೇ ಮೇಲು. ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ, ತುಂಬ ದಿನ ಮಲಗಿದವರಿಗೆ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ. ಪಾದ ನೆಲಕ್ಕೆ ಪೂರ್ತಿ ಊರಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಲಿ. ರೋಗಿಯ ಸೊಂಟಕ್ಕೆ ಅಗಲವಾದ ಟ್ರಾನ್ಸ್‌ಫರ್ ಬೆಲ್ಟ್ ಕಟ್ಟಿ ಅದನ್ನ ಹಿಡೀರಿ. ಪ್ಯಾಂಟಿನ ಪಟ್ಟಿಯಾಗಲಿ, ಪಂಚೆಯ ಗಂಟಾಗಲಿ ಹಿಡಿಯೋಕಲ್ಲ. ಹೊಟ್ಟೆಯ ಆಪರೇಷನ್ ಹೊಸದಾಗಿದ್ರೆ ಬೆಲ್ಟ್ ಬೇಡ. ನಿಮ್ಮ ಮಂಡಿಯನ್ನ ಅವರ ಸೋತ ಮಂಡಿಗೆ ತಡೆ ಕೊಡಿ. "ಮೂಗು ಕಾಲ್ಬೆರಳ ಮೇಲೆ ಬರೋ ತನಕ ಬಾಗಿ" ಅನ್ನಿ. ಅಷ್ಟು ಬಾಗಿದ್ರೆ ಪೃಷ್ಠ ತಾನಾಗೇ ಏಳುತ್ತೆ. ಇಲ್ಲಿ ನಮ್ಮವರು ಎಡವೋದು ಪ್ರೀತಿಯಿಂದ: "ನನ್ನ ಕುತ್ತಿಗೆ ಹಿಡ್ಕೊಳ್ಳಿ" ಅಂತಾರೆ. ಅವರು ಕುಸಿದ್ರೆ ಪೂರ್ತಿ ಭಾರ ನಿಮ್ಮ ಕುತ್ತಿಗೆಗೆ. ಅವರ ಕೈ ಚೇರಿನ ಕೈಮೇಲಿರಲಿ. ಅರ್ಧದಲ್ಲಿ ಕಾಲು ಸೋತ್ರೆ ಹಿಡಿದು ನಿಲ್ಲಿಸೋ ಸಾಹಸ ಬೇಡ, ನಿಮ್ಮ ಮೈಗೆ ಒರಗಿಸಿಕೊಂಡು ನಿಧಾನವಾಗಿ ನೆಲಕ್ಕೆ ಇಳಿಸಿ.

ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ರೆ ಸೊಂಟದ ಹತ್ರ ಮೂಳೆ ಮುರಿದಿರಬಹುದು. ಅಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ. ಲಿಫ್ಟ್ ಇಲ್ಲದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸ್ತಾರಲ್ಲ, ಅದರ ಕಾಲು ಅಗಲಿಸಿಕೊಂಡು ಮುರಿಯುತ್ತೆ. ಗಟ್ಟಿ ಮರದ್ದೋ ಕಬ್ಬಿಣದ್ದೋ ಬೇಕು, ರೋಗಿಯನ್ನ ಅದಕ್ಕೆ ಕಟ್ಟಿರಬೇಕು, ಇಳಿಯುವಾಗ ಮುಖ ಮುಂದಕ್ಕೆ, ಕುರ್ಚಿ ಹಿಂದಕ್ಕೆ ವಾಲಿರಬೇಕು.

ನಿಲ್ಲೋಕೆ ಸ್ವಲ್ಪವೂ ಆಗದವರಿಗೆ ಹಾಯ್ಸ್ಟ್ (ಜೋಲಿಯಲ್ಲಿ ಕೂರಿಸಿ ಎತ್ತೋ ಯಂತ್ರ) ಒಂದೇ ದಾರಿ, ಮೂರನೇ ಆಳು ಸೇರಿಸಿಕೊಂಡ್ರೆ ಪರಿಹಾರ ಅಲ್ಲ. ಕೊಳ್ಳೋ ಮುಂಚೆ ಮಂಚದ ಕೆಳಗೆ ನೋಡಿ. ಹಾಯ್ಸ್ಟಿನ ಕಾಲು ತೂರೋಕೆ 12ರಿಂದ 15 ಸೆಂ.ಮೀ. ಜಾಗ ಬೇಕು, ಸ್ಟೋರೇಜ್ ಇರೋ ದಿವಾನ್ ಕೆಳಗೆ ಅದು ಹೋಗೋದೇ ಇಲ್ಲ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆ ಯಾವಾಗ ಅಂತ ಗಂಟೆ ಸಮೇತ ಇರುತ್ತೆ, ಈ ಮನುಷ್ಯನನ್ನ ಕಕ್ಕಸಿಗೆ ಕರೆದೊಯ್ಯೋದು ಹೇಗೆ ಅಂತ ಒಂದು ಸಾಲೂ ಇರಲ್ಲ. ಅದನ್ನ ಕೇಳಿ ಪಡೀರಿ. ಮನೆ ಮಂಚದ ಎತ್ತರ, ಬಾತ್‌ರೂಂ ಬಾಗಿಲಿನ ಅಗಲ ಅಳೆದು ಬರೆದುಕೊಂಡು ಫಿಸಿಯೋಥೆರಪಿಸ್ಟ್ ಹತ್ರ ಹೋಗಿ. ಅವರು ಮಾಡಿ ತೋರಿಸಿದ್ರೆ ಸಾಲದು, ಅವರ ಎದುರೇ ನೀವು ಮಾಡಿ, ಅವರು ತಿದ್ದಲಿ.